ಜೇಡ ಯಾರನ್ನಾದರೂ ಕಚ್ಚಬಹುದಿತ್ತು

ಕಂಪ್ಯೂಟರ್ ಕೈಕೊಟ್ಟಾಗ ಅದನ್ನು ಆರಿಸಿ ಮತ್ತೆ ಚಾಲೂ ಮಾಡುತ್ತೇವಲ್ಲ, ಹಾಲಿವುಡ್ಡಿನವರು ಸಿನಿಮಾಗಳಿಗೂ ಅದೇ ಚಿಕಿತ್ಸೆ ಕೊಡುತ್ತಾರೆ. ಹೆಸರೂ ಅದೇ: ರೀಬೂಟ್. ಹಿಂದಿನ ಚಿತ್ರಗಳಲ್ಲಿ ನಡೆದದ್ದೆಲ್ಲ ನಡೆದೇ ಇಲ್ಲವೆಂದು ತಿಳಿದು, ಹೊಸ ನಟ, ಹೊಸ ನಿರ್ದೇಶಕರನ್ನು ಹಾಕಿಕೊಂಡು ಕತೆಯನ್ನು ಮೊದಲ ಪುಟದಿಂದ ಹೇಳುವುದು. 2012ರಲ್ಲಿ ಬಂದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಇಂಥದೊಂದು ಚಿತ್ರ. ಜೇಡ ಕಚ್ಚಿದ್ದರಿಂದ ಗೋಡೆ ಹತ್ತುವ ಶಕ್ತಿ ಪಡೆದ ಪೀಟರ್ ಪಾರ್ಕರ್ ಎಂಬ ಹುಡುಗನ ಕತೆಯನ್ನು ಸ್ಯಾಮ್ ರೈಮಿ 2002, 2004 ಮತ್ತು 2007ರಲ್ಲಿ ಮೂರು ಚಿತ್ರಗಳಾಗಿ ಹೇಳಿದ್ದರು. ನಾಲ್ಕನೆಯದಕ್ಕೂ ತಯಾರಿ ನಡೆದಿತ್ತು. ಅದು ಕೂಡಿಬರದೆ 2010ರ ಜನವರಿಯಲ್ಲಿ ಸೋನಿ ಸಂಸ್ಥೆ ಆ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ ‘500 ಡೇಸ್ ಆಫ್ ಸಮ್ಮರ್’ ಎಂಬ ಪುಟ್ಟ ಪ್ರೇಮಕತೆಯ ಚಿತ್ರವೊಂದನ್ನಷ್ಟೇ ಮಾಡಿದ್ದ ಮಾರ್ಕ್ ವೆಬ್ ಎಂಬ ನಿರ್ದೇಶಕನ ಕೈಗೆ ಹೊಸ ಪೀಟರನನ್ನು ಒಪ್ಪಿಸಿತು.

‘ಹತ್ತು ವರ್ಷವೂ ಆಗಿಲ್ಲ, ಮತ್ತೆ ಅದೇ ಜೇಡ, ಅದೇ ಕಡಿತವೇ?’ ಎಂದು ಆಗ ಮೂಗು ಮುರಿದವರೇ ಹೆಚ್ಚು. ಈ ಆಕ್ಷೇಪ ನನಗಂತೂ ಹಿಡಿಸಲಿಲ್ಲ. ಗೊತ್ತಿರುವ ಕತೆಯನ್ನು ಮತ್ತೆ ನೋಡುವುದು ನಮಗೇನು ಹೊಸತೇ? ಅದೇ ಪ್ರಸಂಗವನ್ನು ಇನ್ನೊಂದು ಮೇಳ ಆಡುತ್ತದೆಂದರೆ ಕಂಬಳಿ ಹೊದ್ದು ರಾತ್ರಿಯಿಡೀ ಕೂರುವ ಜನ ನಾವು. ಕತೆ ಹಳೆಯದಾದಷ್ಟೂ ವೇಷಧಾರಿಯ ಅರ್ಥಗಾರಿಕೆಯ ಮೇಲೆ ಕಿವಿ ನೆಡುತ್ತದೆ. ಹೊಸ ಪೀಟರ್ ಏನು ಅರ್ಥ ಹೇಳುತ್ತಾನೆ ಎಂಬುದಷ್ಟೇ ನನ್ನ ಕುತೂಹಲವಾಗಿತ್ತು.

ಆ ಪೀಟರ್, ಆಂಡ್ರ್ಯೂ ಗಾರ್ಫೀಲ್ಡ್, ನನ್ನ ಹಾಗೆಯೇ ಒಬ್ಬ ಅಭಿಮಾನಿ. ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಯುವ ಕಾಮಿಕ್ಸ್ ಪ್ರಿಯರ ದೊಡ್ಡ ಜಾತ್ರೆಯಲ್ಲಿ ಆತ ಅಂಗಡಿಯಲ್ಲಿ ಸಿಗುವಂಥ ಅಗ್ಗದ ಸ್ಪೈಡರ್‌ಮ್ಯಾನ್ ಉಡುಪು ಧರಿಸಿ ಪ್ರೇಕ್ಷಕರ ನಡುವೆಯೇ ನಿಂತಿದ್ದ. ಪ್ರಶ್ನೆ ಕೇಳುವವನಂತೆ ಮೈಕ್ ಹಿಡಿದು, ಮುಖವಾಡ ತೆಗೆದು, ಈ ಪಾತ್ರ ತನಗೆ ಚಿಕ್ಕಂದಿನಲ್ಲಿ ಎಂಥ ಆಸರೆಯಾಗಿತ್ತೆಂದು ಕಾಗದ ನೋಡಿಕೊಂಡು ನಡುಗುವ ದನಿಯಲ್ಲಿ ಓದಿದ. ಆ ನಡುಕ ಚಿತ್ರದಲ್ಲೂ ಇದೆ. ರೈಮಿಯ ಟೋಬಿ ಮೆಗ್ವೈರ್ ಪಾಪದ ಹುಡುಗ, ಬೈದರೆ ತಲೆ ತಗ್ಗಿಸುವವನು. ಗಾರ್ಫೀಲ್ಡನ ಪೀಟರ್ ಹಾಗಲ್ಲ. ಒಂದು ಕಡೆ ನಿಲ್ಲಲಾರದವನು, ಮಾತು ಅರ್ಧಕ್ಕೆ ನುಂಗುವವನು, ಮನೆಯಲ್ಲಿ ಸಿಡುಕುವವನು. ಹದಿನೇಳರ ಮಕ್ಕಳಿರುವ ಮನೆಯವರಿಗೆ ಇವನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇನ್ನೊಂದು ಸಂತೋಷ. ರೈಮಿಯ ಚಿತ್ರಗಳಲ್ಲಿ ಬಲೆ ಪೀಟರನ ಮಣಿಕಟ್ಟಿನಿಂದಲೇ ಒಸರುತ್ತಿತ್ತು. ವೆಬ್ ಮೂಲ ಕಾಮಿಕ್ಸಿಗೆ ಹಿಂದಿರುಗಿ, ಬಲೆ ಎಸೆಯುವ ಪುಟ್ಟ ಯಂತ್ರವನ್ನು ಹುಡುಗನೇ ಕೂತು ತಯಾರಿಸುವಂತೆ ಮಾಡಿದರು. ಭೌತಶಾಸ್ತ್ರದ ಮೇಷ್ಟರಾದ ನನಗೆ ಇದು ಬಹಳ ಮುಖ್ಯ. ಜೇಡ ಕೊಟ್ಟದ್ದು ಅರ್ಧ, ಉಳಿದರ್ಧ ಅವನೇ ತಲೆ ಓಡಿಸಿ ಗಳಿಸಿದ್ದು. ಎಮ್ಮಾ ಸ್ಟೋನ್ ನಟಿಸಿದ ಗ್ವೆನ್ ಸ್ಟೇಸಿಯೂ ಹಾಗೆಯೇ, ನಾಯಕ ಬಂದು ಕಾಪಾಡಲೆಂದು ಕಿರುಚುತ್ತಾ ಕೂರುವ ಹುಡುಗಿಯಲ್ಲ. ಕೊನೆಯ ಹೋರಾಟದಲ್ಲಿ ವಿಷಕ್ಕೆ ಮದ್ದು ತಯಾರಿಸುವವಳು ಅವಳೇ.

ಕುಂದುಗಳೂ ಇವೆ. ಹಲ್ಲಿಮಾನವನಾಗುವ ವಿಜ್ಞಾನಿ ಕಾನರ್ಸ್ ಮನುಷ್ಯನಾಗಿದ್ದಾಗ ಕರುಣೆ ಹುಟ್ಟಿಸುತ್ತಾನೆ, ಹಲ್ಲಿಯಾದ ಮೇಲೆ ಬರೀ ಗದ್ದಲ. ನಮ್ಮ ಇರ್ಫಾನ್ ಖಾನ್ ಅವರಂಥ ನಟ ಇದ್ದಾರೆಂದು ಆಸೆಯಿಂದ ಕೂತರೆ, ಅವರು ಸೇತುವೆಯ ಮೇಲೆ ಕಂಡದ್ದೇ ಕೊನೆ. ಆಮೇಲೆ ಏನಾದರೆಂದು ಹೇಳುವ ಸೌಜನ್ಯವೂ ಚಿತ್ರಕ್ಕಿಲ್ಲ!

ಆದರೆ ಆ ಸೇತುವೆ ಇದೆಯಲ್ಲ, ಅದಕ್ಕಾಗಿ ನಾನು ಎಲ್ಲವನ್ನೂ ಮನ್ನಿಸಬಲ್ಲೆ.

ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ. ಅದುವರೆಗೆ ಪೀಟರ್ ರಾತ್ರಿಗಳಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ, ದೊಡ್ಡಪ್ಪ ಬೆನ್ನನ್ನು ಕೊಂದವನ ಹುಡುಕಾಟ. ಕೈಯ ಮೇಲೆ ನಕ್ಷತ್ರದ ಹಚ್ಚೆಯಿರುವವನು ಎಂಬುದೊಂದೇ ಗುರುತು. ಅಂಥ ಚಹರೆಯ ಪುಂಡರನ್ನೆಲ್ಲ ಹಿಡಿದು ತಳ್ಳಾಡಿ ತೋಳು ನೋಡುತ್ತಾನೆ, ಅವನಲ್ಲವೆಂದರೆ ಮುಂದಿನವನು. ನಗರಕ್ಕೆ ಉಪಕಾರವಾದರೂ ಅದು ಸೇವೆಯಲ್ಲ, ಸೇಡು. ಸೇತುವೆಯ ಮೇಲೆ ಹಲ್ಲಿಮಾನವ ಕಾರುಗಳನ್ನು ಎತ್ತಿ ನದಿಗೆ ಎಸೆಯತೊಡಗಿದಾಗ ಪೀಟರ್ ಒಂದೊಂದನ್ನೂ ಬಲೆಯಿಂದ ಹಿಡಿದು ತೂಗುಹಾಕುತ್ತಾನೆ. ಒಂದರೊಳಗೆ ಪುಟ್ಟ ಹುಡುಗ. ಕಾರಿಗೆ ಬೆಂಕಿ ಹತ್ತಿದೆ. ಮುಖವಿಲ್ಲದ ಈ ಕೆಂಪು ಆಕೃತಿಯನ್ನು ಕಂಡು ಹುಡುಗ ಇನ್ನಷ್ಟು ಹೆದರುತ್ತಾನೆ. ಆಗ ಪೀಟರ್ ಮುಖವಾಡ ಕಳಚುತ್ತಾನೆ. ನಾನೂ ನಿನ್ನಂಥವನೇ ನೋಡು ಎಂಬಂತೆ ಮುಖ ತೋರಿಸಿ, ಆ ಮುಖವಾಡವನ್ನು ಹುಡುಗನಿಗೇ ಕೊಡುತ್ತಾನೆ. ಹಾಕಿಕೋ, ಇದರಿಂದ ನಿನಗೆ ಬಲ ಬರುತ್ತದೆ ಎನ್ನುತ್ತಾನೆ. ಹುಡುಗ ಹಾಕಿಕೊಂಡು, ಸೀಟಿನಿಂದ ಸೀಟಿಗೆ ತಾನೇ ಹತ್ತಿ ಬರುತ್ತಾನೆ.

ಗಮನಿಸಿ, ಆ ಬಟ್ಟೆಯ ತುಂಡಿನಲ್ಲಿ ಯಾವ ಶಕ್ತಿಯೂ ಇಲ್ಲ. ಹುಡುಗನ ಕೈಕಾಲಿನಲ್ಲಿದ್ದ ಬಲವೇ ಅವನನ್ನು ಮೇಲಕ್ಕೆ ತಂದದ್ದು. ಆ ಮಗುವಿನ ತಂದೆ ‘ಯಾರು ನೀನು?’ ಎಂದು ಕೇಳಿದಾಗಲೇ ಪೀಟರ್ ತನ್ನನ್ನು ಸ್ಪೈಡರ್‌ಮ್ಯಾನ್ ಎಂದು ಕರೆದುಕೊಳ್ಳುತ್ತಾನೆ. ಆ ತಂದೆ ಕ್ರೇನ್ ನಡೆಸುವ ಕಾರ್ಮಿಕ. ಕೊನೆಯಲ್ಲಿ ಕಾಲಿಗೆ ಗುಂಡು ತಗುಲಿದ ಪೀಟರ್ ಕುಂಟುತ್ತಿರುವಾಗ, ಆ ಮನುಷ್ಯ ತನ್ನ ಜೊತೆಗಾರರನ್ನೆಲ್ಲ ಎಬ್ಬಿಸಿ, ರಸ್ತೆಯುದ್ದಕ್ಕೂ ಕ್ರೇನ್‌ಗಳ ತೋಳನ್ನು ಸಾಲಾಗಿ ನಿಲ್ಲಿಸಿ ಅವನಿಗೆ ದಾರಿ ಮಾಡಿಕೊಡುತ್ತಾನೆ. ಅತಿಯಾಯಿತು ಎಂದು ಕೆಲವು ಗೆಳೆಯರು ನಕ್ಕರು. ನನಗೆ ಮಾತ್ರ ಗಂಟಲು ಕಟ್ಟಿತ್ತು.

ಅಭಿಮಾನಿಗಳ ದೊಡ್ಡ ದೂರು ಇನ್ನೊಂದಿದೆ. ಸೇತುವೆಯ ನಂತರ ಪೀಟರ್ ಆ ಕೊಲೆಗಾರನ ಬೇಟೆಯನ್ನು ಬಿಟ್ಟೇಬಿಡುತ್ತಾನೆ. ಅವನು ಸಿಗುವುದೇ ಇಲ್ಲ. ಚಿತ್ರಕತೆಯವರು ಮರೆತರು ಎಂದು ಬಹಳ ಮಂದಿ ಬರೆದರು. ಅವರು ಮರೆತರೋ ಇಲ್ಲವೋ, ನನ್ನ ಮಟ್ಟಿಗೆ ಚಿತ್ರದ ಅತ್ಯಂತ ಸರಿಯಾದ ನಿರ್ಧಾರ ಅದು. ಕೈಗೊಂದು ಮಗು ಸಿಕ್ಕಿದ ಮೇಲೆ ಸೇಡಿಗೆ ಪುರುಸೊತ್ತಿರುವುದಿಲ್ಲ.

ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಅದೇ ಜನ ಹೇಗೆ ಕೆಡವಿದರು ಎಂಬುದೇ ನನ್ನ ತಕರಾರು.

ಈ ಹೊಸ ಕತೆ ಪೀಟರನ ತಂದೆಯಿಂದ ಶುರುವಾಗುತ್ತದೆ. ರಿಚರ್ಡ್ ಪಾರ್ಕರ್ ವಿಜ್ಞಾನಿ. ಮಗನನ್ನು ಅಣ್ಣ ಅತ್ತಿಗೆಯ ಮಡಿಲಿಗೆ ಹಾಕಿ ರಾತ್ರೋರಾತ್ರಿ ಹೊರಟುಹೋದವನು. ಅವನ ಹಳೆಯ ಬ್ರೀಫ್‌ಕೇಸ್ ಮಗನಿಗೆ ಸಿಗುತ್ತದೆ, ಅದರ ಜಾಡು ಹಿಡಿದು ಹೋದಲ್ಲೇ ಜೇಡ ಕಚ್ಚುತ್ತದೆ. ಇಲ್ಲಿಯವರೆಗೆ ಸಹಿಸಬಹುದು. ಅಪ್ಪ ಅಮ್ಮ ನನ್ನನ್ನು ಏಕೆ ಬಿಟ್ಟುಹೋದರು ಎಂದು ಅನಾಥ ಹುಡುಗ ಕೇಳುವುದರಲ್ಲಿ ತಪ್ಪೇನು? ಆದರೆ 2014ರಲ್ಲಿ ಬಂದ ಎರಡನೆಯ ಭಾಗದಲ್ಲಿ ಗುಟ್ಟು ಬಯಲಾಗುತ್ತದೆ. ಆ ಜೇಡಗಳಲ್ಲಿ ರಿಚರ್ಡ್ ತನ್ನದೇ ಡಿಎನ್‌ಎ ಸೇರಿಸಿದ್ದನಂತೆ. ಆದ್ದರಿಂದ ಅವನ ರಕ್ತಸಂಬಂಧಿಗಳಿಗಲ್ಲದೆ ಬೇರೆಯವರಿಗೆ ಆ ಶಕ್ತಿ ದಕ್ಕದಂತೆ! ಗೆಳೆಯ ಹ್ಯಾರಿ ಅದೇ ವಿಷವನ್ನು ಚುಚ್ಚಿಕೊಂಡು ರಾಕ್ಷಸನಾಗುತ್ತಾನೆ.

ಆ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಗಾರೆ ಕೆಲಸದವರು, ಅವರ ಮನೆಯಲ್ಲಿ ಪಿಯುಸಿಯ ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ. ಮೊದಲ ಚಿತ್ರದ ಕ್ರೇನ್ ದೃಶ್ಯವೆಂದರೆ ಅವನಿಗೆ ಪ್ರಾಣ. ಎರಡನೆಯದನ್ನು ನೋಡಿ ಬಂದವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: ‘ಹಂಗಾದ್ರೆ ಬೇರೆ ಯಾರಿಗ್ ಕಚ್ಚಿದ್ರೂ ಏನೂ ಆಗ್ತಿರ್ಲಿಲ್ವಾ ಸಾರ್?’

ಆಗುತ್ತಿರಲಿಲ್ಲ ಮಾರಾಯ, ಸಿನಿಮಾದವರ ಪ್ರಕಾರ ಆಗುತ್ತಿರಲಿಲ್ಲ ಎಂದೆ. ಅವನು ಮತ್ತೇನೂ ಹೇಳದೆ ಹೋದ. ಆ ಮೌನಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಈ ಕತೆ ಹೇಳಿದಾಗ ಅದರಲ್ಲಿ ವಂಶದ ಮಾತೇ ಇರಲಿಲ್ಲ. ಒಂದು ವಿಜ್ಞಾನ ಪ್ರಾತ್ಯಕ್ಷಿಕೆ. ವಿಕಿರಣದ ನಡುವೆ ಜೇಡವೊಂದು ಇಳಿಯುತ್ತದೆ, ಸಾಯುವ ಮುನ್ನ ಹತ್ತಿರ ಸಿಕ್ಕಿದ ಕೈಯನ್ನು ಕಚ್ಚುತ್ತದೆ. ಪಕ್ಕದಲ್ಲಿ ನಿಂತಿದ್ದವನನ್ನು ಕಚ್ಚಬಹುದಿತ್ತು. ಸೂಪರ್‌ಮ್ಯಾನ್ ಬೇರೆ ಗ್ರಹದಲ್ಲಿ ಹುಟ್ಟಿದವನು, ಬ್ಯಾಟ್‌ಮ್ಯಾನ್ ಆಗರ್ಭ ಶ್ರೀಮಂತ. ಸ್ಪೈಡರ್‌ಮ್ಯಾನ್ ಮಾತ್ರ ಖರ್ಚಿಗೆ ಪರದಾಡುವ ಮನೆಯ ಹುಡುಗ. ಡಿಟ್ಕೊ ಬರೆದ ಉಡುಪು ನೋಡಿ, ನೆತ್ತಿಯಿಂದ ಅಂಗಾಲಿನವರೆಗೆ ಚರ್ಮದ ಒಂದು ಚೂರೂ ಕಾಣುವುದಿಲ್ಲ. ಒಳಗಿರುವವನು ಯಾವ ಬಣ್ಣದವನು, ಯಾರ ಮಗ ಎಂದು ಗೊತ್ತಾಗುವುದಿಲ್ಲ. 1968ರ ಕಾಮಿಕ್ಸಿನಲ್ಲಿ ಪೀಟರನ ತಂದೆತಾಯಿ ಗೂಢಚಾರರಾಗಿದ್ದರೆಂಬ ಕತೆ ಬಂತು, ನಿಜ. ಆದರೆ ಅಲ್ಲಿಯೂ ಜೇಡಕ್ಕೂ ಅಪ್ಪನ ರಕ್ತಕ್ಕೂ ಗಂಟು ಹಾಕಿರಲಿಲ್ಲ.

ಪ್ರತಿ ಜೂನ್‌ನಲ್ಲಿ ಕಾಲೇಜಿನ ಪ್ರವೇಶದ ಕೌಂಟರಿನ ಬಳಿ ಕೇಳುವ ಮಾತುಗಳು ಪೋಷಕರಿಗೆ ಗೊತ್ತಿಲ್ಲದ್ದಲ್ಲ. ‘ಡಾಕ್ಟರ ಮಗಳಲ್ವಾ, ರಕ್ತದಲ್ಲೇ ಬಂದಿರುತ್ತೆ.’ ‘ನಮ್ಮ ಮನೆಯಲ್ಲಿ ಯಾರಿಗೂ ಗಣಿತ ಹತ್ತಿಲ್ಲ, ಇವನಿಗೆಲ್ಲಿಂದ ಹತ್ತಬೇಕು?’ ಮಕ್ಕಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಇಂಥ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಹುಡುಗರು ಸ್ಪೈಡರ್‌ಮ್ಯಾನ್ ನೋಡಲು ಹೋಗುವುದು. ಅಲ್ಲಿಯೂ ಅದೇ ಕೌಂಟರು ಎದುರಾದರೆ ಹೇಗೆ?

ವಿಚಿತ್ರವೆಂದರೆ ಆ ಎರಡನೆಯ ಚಿತ್ರದಲ್ಲೇ ಸೇತುವೆಯ ಹುಡುಗನ ತಮ್ಮನಂಥ ಇನ್ನೊಬ್ಬನಿದ್ದಾನೆ. ಶಾಲೆಗಾಗಿ ಮಾಡಿದ ಗಾಳಿಯಂತ್ರದ ಮಾದರಿಯನ್ನು ಪುಂಡ ಹುಡುಗರು ಮುರಿದಾಗ ಸ್ಪೈಡರ್‌ಮ್ಯಾನ್ ಬಂದು ರಿಪೇರಿ ಮಾಡಿಕೊಡುತ್ತಾನೆ. ಗ್ವೆನ್ ಸತ್ತು ಪೀಟರ್ ಮೂಲೆ ಸೇರಿದ ಮೇಲೆ, ಉಕ್ಕಿನ ಕವಚ ತೊಟ್ಟ ಖಳನ ಎದುರು ಒಬ್ಬನೇ ಹೋಗಿ ನಿಲ್ಲುವವನು ಈ ಪುಟಾಣಿ, ಸ್ಪೈಡರ್‌ಮ್ಯಾನ್ ಉಡುಪಿನಲ್ಲಿ. ಅವನ ರಕ್ತದಲ್ಲಿ ಏನಿತ್ತು? ಒಂದೇ ಚಿತ್ರ ಒಂದು ಕೈಯಿಂದ ಮುಖವಾಡ ಹಂಚಿ ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ.

ಮೂರನೆಯ ಭಾಗ ಬರಲಿಲ್ಲ. 2015ರಲ್ಲಿ ಸೋನಿ ಮತ್ತು ಮಾರ್ವೆಲ್ ಒಪ್ಪಂದ ಮಾಡಿಕೊಂಡು ಟಾಮ್ ಹಾಲೆಂಡನನ್ನು ತಂದರು, ಇನ್ನೊಂದು ರೀಬೂಟ್. 2017ರ ‘ಹೋಮ್‌ಕಮಿಂಗ್’ನಲ್ಲಿ ಅಪ್ಪನ ರಗಳೆಯಿಲ್ಲ, ಆದರೆ ಉಡುಪು ಕೋಟ್ಯಧೀಶ ಟೋನಿ ಸ್ಟಾರ್ಕನ ಕೊಡುಗೆ. ಅದೂ ನನಗೆ ಪೂರ್ತಿ ಒಗ್ಗಲಿಲ್ಲ. ನನ್ನ ಆಸೆ ತೀರಿದ್ದು 2018ರ ‘ಇಂಟು ದ ಸ್ಪೈಡರ್‌ವರ್ಸ್’ ಎಂಬ ಅನಿಮೇಷನ್ ಚಿತ್ರದಲ್ಲಿ. ಅದರ ನಾಯಕ ಮೈಲ್ಸ್ ಮೊರಾಲೆಸ್, ಪೊಲೀಸ್ ಅಪ್ಪ, ನರ್ಸ್ ಅಮ್ಮನ ಮಗ. ಅವನು ಪೀಟರನಿಗೆ ಏನೂ ಆಗಬೇಕಾದವನಲ್ಲ, ಆದರೂ ಜೇಡ ಅವನನ್ನು ಕಚ್ಚುತ್ತದೆ. ಈ ಮುಖವಾಡ ಯಾರು ಬೇಕಾದರೂ ತೊಡಬಹುದು ಎಂಬುದೇ ಆ ಚಿತ್ರದ ತಿರುಳು. ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಕೂಡ ಬಂತು. 2023ರಲ್ಲಿ ಅದರ ಮುಂದಿನ ಭಾಗ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದಾಗ ಕನ್ನಡವೂ ಅವುಗಳಲ್ಲೊಂದಾಗಿತ್ತು. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನನೂ ಅದರಲ್ಲಿದ್ದಾನೆ.

ಗಾರ್ಫೀಲ್ಡನಿಗೂ ನ್ಯಾಯ ಸಿಕ್ಕಿತು. 2021ರ ‘ನೋ ವೇ ಹೋಮ್’ನಲ್ಲಿ ಮೂವರು ಪೀಟರರೂ ಒಟ್ಟಿಗೆ ಬಂದಾಗ, ಬೀಳುತ್ತಿದ್ದ ಇನ್ನೊಬ್ಬನ ಗೆಳತಿಯನ್ನು ಹಾರಿ ಹಿಡಿದವನು ಇವನೇ. ಗ್ವೆನ್‌ಳನ್ನು ಉಳಿಸಿಕೊಳ್ಳಲಾಗದ ಆ ಕೈ. ನೆಲಕ್ಕಿಳಿಸಿ ಅವಳ ಮುಖ ನೋಡುವಾಗ ಅವನ ಕಣ್ಣು ತುಂಬುತ್ತದೆ. ಅಲ್ಲಿ ಅಪ್ಪನ ಹೆಸರನ್ನು ಯಾರೂ ಎತ್ತುವುದಿಲ್ಲ, ಯಾರಿಗೂ ಅದರ ಕೊರತೆ ಕಾಡುವುದೂ ಇಲ್ಲ.

2012ರ ಚಿತ್ರ ಈಗಲೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುವುದಿಲ್ಲ. ಬ್ರೀಫ್‌ಕೇಸ್ ಕಾಣಿಸಿದಾಗ ಕಾಫಿ ಬೆರೆಸಲು ಎದ್ದು ಹೋಗುತ್ತೇನೆ, ಸೇತುವೆಯ ಹೊತ್ತಿಗೆ ಲೋಟ ಹಿಡಿದು ಬಂದು ಕೂರುತ್ತೇನೆ.