ಒಂದು ಸಹಿಯ ಋಣ

ಸಾಲ ಮಾಡಿದವನ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಜಾಮೀನು ನಿಂತವನ ಕಷ್ಟವನ್ನು ಬಲ್ಲವರು ವಿರಳ. ಅಂಥ ಕಷ್ಟವನ್ನು ಒಬ್ಬ ತರುಣನಿಗೆ ತಂದೊಡ್ಡಿದವರಲ್ಲಿ ನಾನೂ ಒಬ್ಬನೆಂದು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಕುಟುಂಬಗಳಿಗೆ ಸರಕಾರ ಪುನರ್ವಸತಿ ಕಲ್ಪಿಸಿದ ಊರು ಅದು. ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ರಾಯಚೂರು ಸೀಮೆಯ ಕನ್ನಡ. ಅಲ್ಲಿಂದ ನಮ್ಮ ಕಾಲೇಜಿಗೆ ಬಂದ ಹುಡುಗನೊಬ್ಬ ಹಳಗನ್ನಡ ಪದ್ಯಗಳನ್ನು ಬಿಡಿಸಿ ಅರ್ಥ ಹೇಳುತ್ತಿದ್ದ ಬಗೆಗೆ ನಾನು ಬೆರಗಾದದ್ದುಂಟು.

ಪದವಿ ಮುಗಿದ ವರ್ಷ ಅವನು ಮನೆಗೆ ಬಂದ. "ಸರ್, ನಮ್ಮ ಭಾವ ಬೈಕಿಗೆ ಸಾಲ ತಗೊಳ್ಳಾಕತ್ಯಾನ. ನನ್ನ ಜಾಮೀನು ಕೇಳ್ಯಾನ. ಸಹಿ ಹಾಕ್ಲೇನ್ರಿ?"

"ಅಕ್ಕನ ಗಂಡನಲ್ಲವೇನಪ್ಪಾ? ಒಂದು ಸಹಿಯಿಂದ ಏನು ಹೋದೀತು?" ಎಂದೆ ನಾನು. ಉದಾರವಾದ ಉಪದೇಶ, ಖರ್ಚು ಪರರದು!

ಎರಡು ವರ್ಷಗಳ ತರುವಾಯ ಅವನು ಬ್ಯಾಂಕಿನ ಪರೀಕ್ಷೆಯಲ್ಲಿ ತೇರ್ಗಡೆಯಾದ. ನೇಮಕದ ಪತ್ರದೊಂದಿಗೆ ಬಂದವನ ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಕೆಲಸಕ್ಕೆ ಸೇರುವ ಹೊತ್ತಿಗೆ ಅಭ್ಯರ್ಥಿಯ ಸಾಲದ ದಾಖಲೆ ಶುದ್ಧವಾಗಿರಬೇಕೆಂಬ ಷರತ್ತು ಅದರಲ್ಲಿತ್ತು. ಭಾವ ಕಂತು ಕಟ್ಟದೆ ತಿಂಗಳುಗಳೇ ಕಳೆದಿದ್ದವು. ಜಾಮೀನು ನಿಂತವನ ಸಿಬಿಲ್ ವರದಿಯಲ್ಲಿಯೂ ಆ ಸಾಲ ಕಾಣಿಸಿಕೊಳ್ಳುತ್ತದೆಂಬುದು ಗುರುವಿಗೂ ತಿಳಿದಿರಲಿಲ್ಲ, ಶಿಷ್ಯನಿಗೂ ತಿಳಿದಿರಲಿಲ್ಲ.

ಇದು ಬರಿಯ ಬೆದರಿಕೆಯ ಷರತ್ತಲ್ಲ. ಸಾಲದ ದಾಖಲೆ ಕೆಟ್ಟಿದೆಯೆಂದು ಭಾರತೀಯ ಸ್ಟೇಟ್ ಬ್ಯಾಂಕು ಒಬ್ಬ ಅಭ್ಯರ್ಥಿಯ ನೇಮಕವನ್ನು ರದ್ದು ಮಾಡಿದುದನ್ನು ಮದ್ರಾಸ್ ಹೈಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ಕೇಂದ್ರ ಸರಕಾರದ 1964ರ ನಡತೆ ನಿಯಮಗಳು ಸಹ, ನೌಕರನು ಸಾಲವನ್ನು ಚಾಳಿಯಾಗಿಸಿಕೊಳ್ಳದಂತೆ ತನ್ನ ವ್ಯವಹಾರವನ್ನು ನಡೆಸಿಕೊಳ್ಳಬೇಕೆನ್ನುತ್ತವೆ. ಅಮೆರಿಕದಲ್ಲಿ ರಾಜ್ಯರಹಸ್ಯದ ಕಡತಗಳನ್ನು ನೋಡಲು ಅನುಮತಿ ಬೇಡುವವನನ್ನು 13 ಮಾನದಂಡಗಳಿಂದ ಅಳೆಯುತ್ತಾರೆ. ಅವುಗಳಲ್ಲಿ ಒಂದು ಅವನ ಹಣಕಾಸಿನ ನಡತೆ. ಋಣದಲ್ಲಿ ಮುಳುಗಿದವನು ಹಣಕ್ಕಾಗಿ ಅಡ್ಡದಾರಿ ಹಿಡಿದಾನೆಂಬ ಶಂಕೆ ಅದಕ್ಕೆ ಕಾರಣ. ಆದರೆ ಕಾಯಿಲೆ, ಕೆಲಸ ಹೋದದ್ದು, ಮನೆಯಲ್ಲಿ ಸಾವು—ಇಂಥವುಗಳಿಂದ ಸಾಲವಾಗಿದ್ದು, ಅದನ್ನು ತೀರಿಸಲು ಅವನು ಪ್ರಾಮಾಣಿಕವಾಗಿ ಯತ್ನಿಸಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಲವಿರುವುದಕ್ಕಿಂತ ಸಾಲದ ಎದುರಿಗೆ ಮನುಷ್ಯ ಹೇಗೆ ನಿಲ್ಲುತ್ತಾನೆಂಬುದೇ ಅಲ್ಲಿ ಮುಖ್ಯ.

"ಸುಮ್ಮನಿದ್ದುಬಿಡ್ಲೇನ್ರಿ ಸರ್? ಯಾರು ನೋಡ್ತಾರ?" ಎಂದು ಕೇಳಿದ ಹುಡುಗ. ಈ ಬಾರಿ ನನ್ನ ನಾಲಗೆ ಅಷ್ಟು ಉದಾರವಾಗಲಿಲ್ಲ. "ನೋಡುತ್ತಾರೆ. ಮುಚ್ಚಿಟ್ಟರೆ ಭಾವನ ತಪ್ಪು ನಿನ್ನದಾಗುತ್ತದೆ" ಎಂದೆ. ಇಬ್ಬರೂ ಕುಳಿತು ವರದಿಯನ್ನು ತರಿಸಿದೆವು. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದಲೇ ಇದೆಯೆಂದು ನನಗೆ ತಿಳಿದದ್ದು ಅಂದು. ದಾಖಲೆ ಸರಿಹೋಗುವುದು ತಡವಾದರೆ, ಬಾಕಿಯಿಲ್ಲವೆಂದು ಸಾಲ ಕೊಟ್ಟವರಿಂದ ಪತ್ರ ತಂದರೂ ನಡೆಯುತ್ತದೆಂದು ಷರತ್ತಿನಲ್ಲಿಯೇ ಇತ್ತು. ಬೈಕು ಮಾರಾಟವಾಯಿತು, ಅದು ಸಾಲದೆ ತಾಯಿಯ ಕಿವಿಯ ಬಂಗಾರವೂ ಹೋಯಿತು. ಮುಂದಿನ ವಾರ ಪತ್ರ ಕೈಸೇರಿತು. ಹುಡುಗ ಕೆಲಸಕ್ಕೆ ಸೇರಿದ.

ಮೊದಲ ಸಂಬಳದಲ್ಲಿ ಅವನು ತಾಯಿಗೆ ಓಲೆ ಮಾಡಿಸಿದನೆಂದು ಕೇಳಿದೆ. ಆ ತಾಯಿಯ ಬರಿಗಿವಿಯನ್ನು ನೋಡಿದ್ದ ನನಗೆ ಅಂದು ನೆಮ್ಮದಿಯ ನಿದ್ದೆ ಬಂತು.

ಮೊನ್ನೆ ಸಹೋದ್ಯೋಗಿಯೊಬ್ಬರು ಜಾಮೀನಿನ ಕಾಗದವನ್ನು ನನ್ನ ಮುಂದೆ ಹಿಡಿದರು. "ಒಂದು ಸಹಿ ಅಷ್ಟೇ" ಎಂದರು. ಕನ್ನಡಕ ಹಾಕಿಕೊಂಡು, ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡುವಂತೆ, ಮೊದಲ ಸಾಲಿನಿಂದ ಓದತೊಡಗಿದೆ. ಅವರಿಗೆ ಬೇಸರವಾಗಿರಬೇಕು. ಆಗಲಿ.