ಅಂಜರಕಂಡಿಯ ದಾಲ್ಚಿನ್ನಿ, ತಲಚೇರಿಯ ಒಲೆ

ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ, ಮಟ್ಟನ್ನೂರು, ಕೂತ್ತುಪರಂಬ ದಾಟಿದರೆ ತಲಚೇರಿ. ಕೊಡಗಿನ ಹಿರಿಯರಿಗೆ ಇದು ಪರಊರಲ್ಲ. ಅವರ ಕಾಫಿ, ಏಲಕ್ಕಿ ಹಡಗು ಹತ್ತುತ್ತಿದ್ದುದು ಇಲ್ಲಿಯೇ. ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಕಟ್ಟಿದ ಕೆಂಪು ಕಲ್ಲಿನ ಕೋಟೆ ಇನ್ನೂ ಕಡಲಿಗೆ ಮುಖ ಮಾಡಿ ನಿಂತಿದೆ. ಕ್ರಿಕೆಟ್, ಸರ್ಕಸ್, ಕೇಕ್ ಎಂಬ ಮೂರು ‘ಸಿ’ಗಳ ಊರು ತಮ್ಮದು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಹೋದದ್ದು ಮೂರನೆಯದರ ಜಾಡು ಹಿಡಿದು.

ಮಾಂಬಳ್ಳಿ ಬಾಪು ಎಂಬುವರು ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು ಬಂದು 1880ರಲ್ಲಿ ಇಲ್ಲಿ ‘ರಾಯಲ್ ಬಿಸ್ಕೆಟ್ ಫ್ಯಾಕ್ಟರಿ’ ತೆರೆದರು. 1883ರಲ್ಲಿ ಹತ್ತಿರದ ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ದೊರೆ ಇಂಗ್ಲೆಂಡಿನ ಕೇಕನ್ನು ತಂದು ತೋರಿಸಿ, ಒಣದ್ರಾಕ್ಷಿ ಮುಂತಾದ ಸಾಮಗ್ರಿಯನ್ನೂ ಕೊಟ್ಟು, ‘ಇಂಥದ್ದು ಮಾಡು’ ಎಂದನಂತೆ. ಮಾಹೆಯಿಂದ ಫ್ರೆಂಚ್ ಬ್ರಾಂದಿ ತರಿಸಿಕೋ ಎಂದೂ ಹೇಳಿದ್ದ. ಬಾಪು ಅದನ್ನು ಬಿಟ್ಟು ಗೇರುಹಣ್ಣು, ಕದಳಿ ಬಾಳೆಯಿಂದ ತೆಗೆದ ಊರಿನ ಮದ್ಯವನ್ನೇ ಬೆರೆಸಿದರು. ಇಂಡಿಯಾದ ಮೊಟ್ಟಮೊದಲ ಕ್ರಿಸ್‌ಮಸ್ ಕೇಕ್ ಇದೇ ಎನ್ನುತ್ತಾರೆ. ‘ಮೊಟ್ಟಮೊದಲ’ ಎಂಬ ಮಾತನ್ನು ವಿಜ್ಞಾನದ ಮೇಷ್ಟರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಇಲ್ಲದ್ದಕ್ಕೆ ಕೊರಗದೆ ಇದ್ದದ್ದರಲ್ಲಿ ಮಾಡಿದ ಆ ಕೈ ನನಗೆ ಬಹಳ ಹಿಡಿಸಿತು. ಯೀಸ್ಟ್ ಪೊಟ್ಟಣ ಸಿಗದಿದ್ದ ಕಾಲದಲ್ಲಿ ಗೋವೆಯ ಪಾವ್ ಉಬ್ಬುತ್ತಿದ್ದುದೂ ಕಳ್ಳಿನಿಂದಲೇ ಅಲ್ಲವೇ? ಕಳ್ಳಿನಲ್ಲಿರುವುದೂ ಪೊಟ್ಟಣದಲ್ಲಿರುವುದೂ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವ ಏಕಕೋಶ ಜೀವಿಯೇ.

ತಲಚೇರಿಯಿಂದ ಅಂಜರಕಂಡಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತು ಬೇಡ. ಹದಿನೆಂಟನೆಯ ಶತಮಾನದಲ್ಲಿ ಕಂಪನಿ ಇಲ್ಲಿ ಸಂಬಾರದ ತೋಟ ಹಾಕಿಸಿತು. ಅದನ್ನು ನೋಡಿಕೊಳ್ಳಲು ಬಂದ ಮುರ್ಡಾಕ್ ಬ್ರೌನ್ ಮುಂದೆ ಅದರ ಒಡೆಯನೇ ಆದ. ಕೇಕಿನ ಕಥೆಯಲ್ಲಿ ಬರುವ ದೊರೆ ಅವನಾಗಿರಲಾರ, ಅವನು ತೀರಿಕೊಂಡದ್ದು 1828ರಲ್ಲಿ. ಕಥೆ ಹೇಳುವವರು ಎರಡು ತಲೆಮಾರನ್ನು ಒಂದೇ ಮಾಡಿಬಿಡುತ್ತಾರೆ.

ಕೇಕಿನ ಕಥೆಯಲ್ಲಿ ಬಾರದ ಇನ್ನೊಂದು ಸಂಗತಿಯಿದೆ. 1811-12ರಲ್ಲಿ ಉತ್ತರ ಮಲಬಾರಿನ ಮ್ಯಾಜಿಸ್ಟ್ರೇಟ್ ಆಗಿದ್ದ ಥಾಮಸ್ ಬೇಬರ್ ಈ ತೋಟವನ್ನು ಶೋಧಿಸಿದಾಗ, ತಿರುವಾಂಕೂರಿನ ಕಡೆಯಿಂದ ಕದ್ದು ತಂದು ಮಾರಿದ ಮಕ್ಕಳು ಇಲ್ಲಿ ಜೀತದಲ್ಲಿ ಸಿಕ್ಕರು. 1805ರಲ್ಲಿ ಪಳಸ್ಸಿ ರಾಜನನ್ನು ಬೆನ್ನಟ್ಟಿದ ಪಡೆಯ ಮುಂದಿದ್ದವನೂ ಇದೇ ಬೇಬರ್. ಆದರೂ ಈ ಮಕ್ಕಳ ವಿಷಯದಲ್ಲಿ ಅವನು ತನ್ನವರನ್ನೇ ಎದುರು ಹಾಕಿಕೊಂಡ. ಕಂಪನಿಯ ನಾಡಿನಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಎಂಟನೆಯ ತರಗತಿಯ ಮಕ್ಕಳಿಗೆ ‘ಸಂಬಾರ ವ್ಯಾಪಾರ’ ಪಾಠ ಮಾಡುವಾಗ ನಾವು ಹಡಗಿನ ದಾರಿ ಬರೆಸುತ್ತೇವೆ, ತೊಗಟೆ ಸುಲಿದವರು ಯಾರೆಂದು ಕೇಳುವುದಿಲ್ಲ. ಅದೇ ವಯಸ್ಸಿನ ಮಕ್ಕಳು ಸುಲಿದಿರಬಹುದು.

ದಾಲ್ಚಿನ್ನಿ ಮರದ ಎಳೆಯ ಕೊಂಬೆ ಕಡಿದು, ಹೊರಸಿಪ್ಪೆ ಕೆರೆದು, ಒಳತೊಗಟೆಯನ್ನು ಎಬ್ಬಿಸಿ ನೆರಳಲ್ಲಿ ಒಣಗಿಸಿದರೆ ಅದು ತಾನೇ ಸುರುಳಿಯಾಗುತ್ತದೆ. ಕಾಗದದಂಥ ತೆಳು ಪದರಗಳು, ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತವೆ. ನಮ್ಮ ಅಂಗಡಿಗಳಲ್ಲಿ ‘ಚಕ್ಕೆ’ ಎಂದು ಕೊಡುವ ದಪ್ಪ, ಗಟ್ಟಿ ತುಂಡು ಹೆಚ್ಚಾಗಿ ಇದರ ದಾಯಾದಿ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಎಂಬ ವಸ್ತು ಬಹಳ ಹೆಚ್ಚು. ದಿನವೂ ಜಾಸ್ತಿ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಪಲಾವಿಗೆ ಹಾಕುವ ಒಂದು ಚೂರಿಗೆ ಹೆದರಬೇಕಿಲ್ಲ, ಮಕ್ಕಳಿಗೆ ಪುಡಿಯನ್ನೇ ತಿನ್ನಿಸುವಾಗ ಮಾತ್ರ ಪದರ ನೋಡಿ ಕೊಳ್ಳಿ.

ತೆಳು ಸುರುಳಿಯ ದಾಲ್ಚಿನ್ನಿ ತಂದು ಮನೆಯಲ್ಲಿ ನಾವು ಮಾಡಿದ್ದು ಕೇಕಲ್ಲ, ಒಣದ್ರಾಕ್ಷಿ ಬ್ರೆಡ್. ಅರ್ಧ ಕಿಲೋ ಮೈದಾ, 7 ಗ್ರಾಂ ಒಣ ಯೀಸ್ಟ್, ಎರಡು ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಉಪ್ಪು, ಒಂದಿಷ್ಟು ಬೆಣ್ಣೆ, ಸುಮಾರು 300 ಮಿಲಿ ಉಗುರುಬೆಚ್ಚಗಿನ ಹಾಲು. ಹಾಲು ಕುದಿಯುವಂತಿದ್ದರೆ ಯೀಸ್ಟ್ ಸತ್ತುಹೋಗುತ್ತದೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಇಮ್ಮಡಿಯಾಗಲು ಬೇಸಿಗೆಯಲ್ಲಿ ಒಂದು ಗಂಟೆ ಸಾಕು, ಮಡಿಕೇರಿಯ ಚಳಿಯಲ್ಲಿ ಎರಡೂ ಬೇಕಾದೀತು.

ದಾಲ್ಚಿನ್ನಿ ಪುಡಿಯನ್ನು ಹಿಟ್ಟಿನೊಳಗೆ ನಾದಬೇಡಿ. ಅದರ ಘಮಕ್ಕೆ ಕಾರಣವಾದ ಸಿನಮಾಲ್ಡಿಹೈಡ್ ಯೀಸ್ಟನ್ನು ತಡೆಯುತ್ತದೆ, ಹಿಟ್ಟು ಸೋಮಾರಿಯಾಗುತ್ತದೆ. ಉಬ್ಬಿದ ಹಿಟ್ಟನ್ನು ಚಪ್ಪಟೆಯಾಗಿ ಲಟ್ಟಿಸಿ, ಎರಡು ಸಣ್ಣ ಚಮಚ ಪುಡಿಯನ್ನು ಸಕ್ಕರೆಯೊಂದಿಗೆ ಮೇಲೆ ಉದುರಿಸಿ, ಒಣದ್ರಾಕ್ಷಿ ಹರಡಿ, ಚಾಪೆಯಂತೆ ಸುತ್ತಿ. ದ್ರಾಕ್ಷಿ ನಮ್ಮ ವಿಜಯಪುರದ್ದೇ ಆಗಲಿ. ಕಾಲು ಗಂಟೆ ಬೆಚ್ಚನೆ ನೀರಲ್ಲಿ ನೆನೆಸಿ ಒರೆಸಿಕೊಳ್ಳದಿದ್ದರೆ ಅದು ಹಿಟ್ಟಿನ ನೀರನ್ನೇ ಹೀರಿಬಿಡುತ್ತದೆ. ಬೆಣ್ಣೆ ಸವರಿದ ಡಬ್ಬಿಯಲ್ಲಿಟ್ಟು ಇನ್ನೊಮ್ಮೆ ಉಬ್ಬಲು ಬಿಟ್ಟು, 180 ಡಿಗ್ರಿಯಲ್ಲಿ 35-40 ನಿಮಿಷ ಬೇಯಿಸಬೇಕು. ಓವನ್ ಇಲ್ಲದವರು ದಪ್ಪ ಪಾತ್ರೆಯ ತಳದಲ್ಲಿ ಮರಳು ಹಾಸಿ, ಮುಚ್ಚಿ ಕಾಯಿಸಿ, ಒಳಗೆ ಡಬ್ಬಿ ಇಡಬಹುದು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ.

ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಬಿಸಿಯಲ್ಲೇ ಕುಯ್ದರೆ ಒಳಗಿನ ಪಿಷ್ಟ ಗಟ್ಟಿಯಾಗಿರದೆ ಚಾಕುವಿಗೆ ಅಂಟುತ್ತದೆ, ಒಂದು ಗಂಟೆಯಾದರೂ ಆರಬೇಕು. ಮನೆಯ ಮಕ್ಕಳು ಅರ್ಧ ಗಂಟೆಗಿಂತ ಹೆಚ್ಚು ಕಾಯಲಿಲ್ಲ.