ಕಾಲಿಗೂ ಅರೆಗೂ ನಡುವೆ

ಮಾನೇಸರಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಲೆಕ್ಕಕ್ಕೆ ಮೂರು ಭಾಷೆಗಳು. ಶಾಲೆಯ ಲೆಕ್ಕ ಇಂಗ್ಲಿಷಿನದು; ತರಕಾರಿ ಅಂಗಡಿಯ ಲೆಕ್ಕ 'ಸವಾ', 'ಡೇಢ್', 'ಢಾಯಿ' ಎಂಬ ಹಿಂದಿಯದು; ಕನ್ನಡದ ಲೆಕ್ಕವೋ, ಅಡಿಗೆಮನೆಯ ಕಾಲು ಚಮಚ ಅರಿಸಿನಕ್ಕೆ ಮುಗಿಯುತ್ತದೆ. ಮಕ್ಕಳು ಸಮಾಂತರ ಶ್ರೇಢಿಯ ಲೆಕ್ಕ ಹಿಡಿದು ಬಂದಾಗ ಅದನ್ನು ಕನ್ನಡದಲ್ಲಿಯೇ ಹೇಳಿಕೊಡಬಹುದೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದಿಲ್ಲ.

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. 1/4 ಮತ್ತು 1/2 ಇವುಗಳ ನಡುವೆ ಮೂರು ಸಮಾಂತರ ಮಾಧ್ಯಗಳನ್ನು ಸೇರಿಸಬೇಕು. ಎಂದರೆ ಮೆಟ್ಟಿಲುಗಳೆಲ್ಲ ಒಂದೇ ಎತ್ತರವಾಗಿರುವಂತೆ ನಡುವೆ ಮೂರು ಸಂಖ್ಯೆಗಳು ಬರಬೇಕು. ಆಗ ಸಂಖ್ಯೆಗಳು ಒಟ್ಟು ಐದು, ಅಂತರಗಳು ನಾಲ್ಕು. ಕೈಯ ಐದು ಬೆರಳುಗಳಿಗೆ ನಾಲ್ಕು ಸಂದುಗಳಿರುವ ಹಾಗೆ. ಆದುದರಿಂದ ವ್ಯತ್ಯಾಸವಾದ 1/4ನ್ನು ಮೂರರಿಂದಲ್ಲ, ನಾಲ್ಕರಿಂದ ಭಾಗಿಸಬೇಕು. ಒಂದು ಮೆಟ್ಟಿಲು 1/16. ಶ್ರೇಢಿ ಹೀಗಾಗುತ್ತದೆ: 4/16, 5/16, 6/16, 7/16, 8/16.

ಇದನ್ನೇ ಕನ್ನಡದಲ್ಲಿ ಓದಿರಿ. 1/16 ನಮ್ಮ ಹಿರಿಯರ 'ವೀಸ', 1/8 'ಅರೆಕಾಲು'. ಕಾಲು, ಕಾಲೂ ವೀಸ, ಕಾಲೂ ಅರೆಕಾಲು, ಕಾಲೂ ಮೂರು ವೀಸ, ಅರೆ! 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವವರೆಗೆ ರೂಪಾಯಿಗೆ ಹದಿನಾರಾಣೆ. ನಾಲ್ಕಾಣೆಯಿಂದ ಎಂಟಾಣೆಗೆ ಎಣಿಸಿದವರೆಲ್ಲ ಈ ಶ್ರೇಢಿಯನ್ನೇ ಎಣಿಸಿದವರು.

ಕೆಲವು ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ, 2/6 ಅಥವಾ 1/3 ನಡುವಿನ ಸಂಖ್ಯೆ ಎನ್ನುತ್ತಾರೆ. ಅದು ನಡುವೆ ಬೀಳುವುದು ನಿಜ. ಆದರೆ ಕಾಲಿನಿಂದ 1/12 ದೂರ, ಅರೆಯಿಂದ 1/6 ದೂರ. ನಟ್ಟನಡುವಿನದು 6/16, ಎಂದರೆ 3/8.

ಛೇದಗಳನ್ನು ಮೊದಲು ಒಂದಾಗಿಸಿಕೊಂಡರೆ ಈ ತೊಡಕಿಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳ ಪ್ರಕರಣಕ್ಕೆ 'ಕಲಾಸವರ್ಣ'ವೆಂದು ಹೆಸರು. ಸವರ್ಣವೆಂದರೆ ಒಂದೇ ಬಣ್ಣ. ಭಿನ್ನರಾಶಿಗಳಿಗೆ ಒಂದೇ ಬಣ್ಣ ಬಳಿದ ಮೇಲೆ ಉಳಿಯುವುದು ಬರಿಯ ಎಣಿಕೆ.

ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಹಾಡು ಹಬ್ಬಗಳ ಕನ್ನಡವನ್ನು ಕೊಡುತ್ತಿದ್ದೇವೆ. ಯೋಚನೆ ಮಾಡುವ ಕನ್ನಡವನ್ನೂ ಕೊಡಬೇಕು. ಇಲ್ಲವಾದರೆ ಅದು ಅಜ್ಜಿಯೊಡನೆ ಮಾತನಾಡುವುದಕ್ಕೆ ಮಾತ್ರ ಇರುವ ಭಾಷೆಯೆಂದು ಅವರು ತಿಳಿದಾರು. 1/3 ಮತ್ತು 1/2 ಇವುಗಳ ನಡುವೆ ಎರಡು ಮಾಧ್ಯಗಳನ್ನು ಸೇರಿಸಲು ಹೇಳಿ ನೋಡಿರಿ. ಉತ್ತರ 7/18 ಮತ್ತು 4/9. ಹೇಗೆ ಬಂತೆಂಬುದನ್ನು ಮಾತ್ರ ಅವರ ಬಾಯಿಂದ ಕನ್ನಡದಲ್ಲಿಯೇ ಕೇಳಿರಿ.